ಸಾಂತಿಯಾಗೊ ಯಾತ್ರಾಮಾರ್ಗದಲ್ಲಿ ಸೈಕಲ್ ಸವಾರರಿಗೆ ಆಲ್ಬೆರ್ಗೆಗಳಲ್ಲಿ ಹಾಸಿಗೆ ಸಿಗುತ್ತದೆಯೇ?

ಪ್ರಶ್ನೆ:
ಬರುವ ಮೇ ತಿಂಗಳಿನಲ್ಲಿ ಫ್ರಾನ್ಸಿನ ಸಾಂ-ಜಾಂ-ಪಿಯೆ-ದ-ಪೋರ್‌ನಿಂದ ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳ ಸಾಂತಿಯಾಗೊ ದೆ ಕೊಂಪೊಸ್ತೆಲಾವರೆಗಿನ ಸುಮಾರು 780 ಕಿ.ಮೀ. ಹಾದಿಯನ್ನು ಸೈಕಲ್ಲಿನಲ್ಲಿ ಕ್ರಮಿಸಬೇಕೆಂದಿದ್ದೇನೆ. ಡೇರೆ ಒಯ್ಯುವ ಮನಸ್ಸಿಲ್ಲ. ಮಧ್ಯಯುಗದಿಂದಲೂ ಯಾತ್ರಿಕರು ತಂಗುತ್ತ ಬಂದಿರುವ ಊರುಗಳಲ್ಲಿ, ಅವರಿಗಾಗಿಯೇ ಇರುವ ಆಲ್ಬೆರ್ಗೆ ಎಂಬ ಸರಳ ತಂಗುದಾಣಗಳಲ್ಲಿ ರಾತ್ರಿ ಕಳೆಯಬೇಕೆಂಬ ಆಸೆ. ಸೈಕಲ್ ಸವಾರರನ್ನು ಅಲ್ಲಿ ಸಂಜೆಯವರೆಗೆ ಕಾಯಿಸುತ್ತಾರೆ ಎಂಬುದು ನಿಜವೇ? ನಡೆಯುವವರ ಹಾದಿಯಲ್ಲೇ ಪೂರ್ತಿ ಸಾಗಬಹುದೇ?

ಮೊದಲ ಉತ್ತರ:
ನಿಜ. ಸರ್ಕಾರದ, ಪುರಸಭೆಯ ಮತ್ತು ಚರ್ಚುಗಳ ಆಲ್ಬೆರ್ಗೆಗಳಲ್ಲಿ ಸಾಮಾನ್ಯವಾಗಿ ನಡೆದು ಬಂದವರಿಗೆ ಮೊದಲ ಆದ್ಯತೆ. ಉಳಿದ ಹಾಸಿಗೆಗಳು ಮಾತ್ರ ಸೈಕಲ್ಲಿನವರ ಪಾಲಿಗೆ ಬರುತ್ತವೆ. ನನ್ನನ್ನೂ ಒಂದೆಡೆ ಸಂಜೆಯವರೆಗೆ ಕೂರಿಸಿ, ಕೊನೆಗೆ ಜಾಗವಿಲ್ಲವೆಂದರು. ಆ ಹೊತ್ತಿನಲ್ಲಿ ಬೇಸರವಾಯಿತಾದರೂ, ಇಪ್ಪತ್ತೈದು ಕಿ.ಮೀ. ನಡೆದು ದಣಿದವರು ಮುಂದಿನ ಊರಿಗೆ ಹೋಗಲಾರರು, ನಾನು ಹೋಗಬಲ್ಲೆ ಎಂಬ ಕಾರಣಕ್ಕೆ ಆ ನಿಯಮ ನ್ಯಾಯವಾಗಿಯೇ ಇದೆ ಎಂದು ಈಗಲೂ ನಂಬಿದ್ದೇನೆ. ಆದ್ದರಿಂದ ದಿನದ ದೂರವನ್ನು ಕಾಲಿನ ಶಕ್ತಿ ನೋಡಿ ನಿಗದಿ ಮಾಡಬೇಡಿ, ಹಾಸಿಗೆ ಎಲ್ಲಿ ಸಿಗುತ್ತದೆಂಬುದನ್ನು ನೋಡಿ ಮಾಡಿ. ಖಾಸಗಿ ಆಲ್ಬೆರ್ಗೆಗಳನ್ನು ಮುಂಗಡವಾಗಿ ಕಾಯ್ದಿರಿಸಬಹುದು. ಸೈಕಲ್ಲನ್ನು ಒಳಗಿಟ್ಟು ಬೀಗ ಹಾಕಲು ಜಾಗವಿದೆಯೇ ಎಂದು ಆಗಲೇ ಕೇಳಿಬಿಡಿ.

ಎರಡನೆಯ ಉತ್ತರ:
ಹಾದಿಯ ವಿಷಯದಲ್ಲಿ ಹಟ ಬೇಡ. ಮೊದಲ ದಿನವೇ ಪಿರನೀಸ್ ಪರ್ವತ ಎದುರಾಗುತ್ತದೆ: ನಡೆಯುವವರ ದಾರಿ 1,400 ಮೀಟರಿಗೂ ಮೇಲೇರಿ, ಕಾಡಿನ ಕಡಿದಾದ ಇಳಿಜಾರಿನಲ್ಲಿ ರೊನ್ಸೆಸ್ವಾಯೆಸ್‌ಗೆ ಇಳಿಯುತ್ತದೆ, ವಾಲ್ಕಾರ್ಲೋಸ್ ಮೂಲಕ ಹೋಗುವ ಡಾಂಬರು ರಸ್ತೆಯಾದರೋ ಸುಮಾರು 1,060 ಮೀಟರಿನ ಇಬಾನ್ಯೆತಾ ಕಣಿವೆದಾರಿಯನ್ನು ದಾಟುತ್ತದೆ, ಅದೂ ಹಳೆಯ ಯಾತ್ರಾಮಾರ್ಗವೇ. ಪಾಂಪ್ಲೋನಾದ ಆಚೆ ಪೆರ್ದೋನ್ ಗುಡ್ಡದ ಹಿಂಬದಿಯಲ್ಲಿ ಉರುಳುಗಲ್ಲುಗಳ ಇಳಿಜಾರಿದೆ. ತುಂಬಿದ ಚೀಲಗಳೊಂದಿಗೆ ಅಲ್ಲಿ ಸವಾರಿ ಮಾಡಿದ್ದು ನನ್ನ ತಪ್ಪು ನಿರ್ಧಾರವಾಗಿತ್ತು. ಬುರ್ಗೋಸ್‌ನಿಂದ ಲೆಯೋನ್‌ವರೆಗಿನ ಮೆಸೆತಾ ಬಯಲಿನಲ್ಲಿ ಮಾತ್ರ ಮಣ್ಣಿನ ಹಾದಿಯನ್ನು ಬಿಡಬೇಡಿ. ಅಗಲವಾದ ಟಯರು ಇರಲಿ, ಗಂಟೆಯೂ ಇರಲಿ. ನಡೆಯುವವರ ಹಿಂದೆ ದೂರದಿಂದಲೇ ಬಾರಿಸಿ, ನಿಧಾನವಾಗಿ ದಾಟಿ.

ಮೂರನೆಯ ಉತ್ತರ:
ಯಾತ್ರಾಪತ್ರವಾದ ಕ್ರೆದೆನ್ಸಿಯಾಲ್ ಇಲ್ಲದವರನ್ನು ಯಾತ್ರಿಕರಿಗಷ್ಟೇ ಮೀಸಲಾದ ಆಲ್ಬೆರ್ಗೆಗಳಲ್ಲಿ ಸೇರಿಸಿಕೊಳ್ಳುವುದಿಲ್ಲವಾದ್ದರಿಂದ, ಹೊರಡುವ ಊರಿನಲ್ಲೇ ಅದನ್ನು ಪಡೆಯಿರಿ. ಯಾತ್ರೆ ಮುಗಿಸಿದವರಿಗೆ ಕೊಡುವ ಕೊಂಪೊಸ್ತೆಲಾ ಪ್ರಮಾಣಪತ್ರಕ್ಕೆ ನಡೆಯುವವರು ಕೊನೆಯ 100 ಕಿ.ಮೀ. ಕ್ರಮಿಸಿದರೆ ಸಾಕು, ಸೈಕಲ್ಲಿನವರು 200 ಕಿ.ಮೀ. ಕ್ರಮಿಸಿರಬೇಕು. ಸಾಂತಿಯಾಗೊಗೆ 200 ಕಿ.ಮೀ.ಗಿಂತ ತುಸು ಹೆಚ್ಚು ದೂರವಿರುವ ಪೊನ್‌ಫೆರ್ರಾದಾದಿಂದ ಮುಂದೆ, ಕ್ರೆದೆನ್ಸಿಯಾಲ್ ಮೇಲೆ ದಿನಕ್ಕೆ ಎರಡು ಮುದ್ರೆಗಳನ್ನು ತಪ್ಪದೆ ಹಾಕಿಸಿ. ಹಗುರವಾದ ಮಲಗುಚೀಲವನ್ನೂ ಒಯ್ಯಿರಿ, ಎಲ್ಲ ಕಡೆಯೂ ಕಂಬಳಿ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ವಾಲ್ಕಾರ್ಲೋಸ್ ರಸ್ತೆಯನ್ನೇ ಹಿಡಿಯುತ್ತೇನೆ. ಸಾಂತಿಯಾಗೊಗೆ ಹತ್ತಿರವಾದಂತೆ ಜನಸಂದಣಿ ಹೆಚ್ಚುವುದರಿಂದ, ಕೊನೆಯ ಮೂರು ರಾತ್ರಿಗಳಿಗೆ ಖಾಸಗಿ ಆಲ್ಬೆರ್ಗೆಗಳಲ್ಲಿ ಈಗಲೇ ಹಾಸಿಗೆ ಕಾಯ್ದಿರಿಸುತ್ತೇನೆ.