ಹೊಸ ಲ್ಯಾಪ್‌ಟಾಪ್‌ಗೆ ಡಿವಿಡಿ ಡ್ರೈವ್ ಇರಲೇಬೇಕಾ?

ಪ್ರಶ್ನೆ (ಹಾಸನದ ಸದಸ್ಯೆ): ನಮಸ್ಕಾರ ಸರ್. ಮಗಳು ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾಳೆ. ಲ್ಯಾಪ್‌ಟಾಪ್ ನೋಡೋಣ ಅಂತ ಮೂರು ಅಂಗಡಿಗೆ ಹೋದೆವು, ಯಾವುದರಲ್ಲೂ ಸಿಡಿ ಹಾಕುವ ಜಾಗವೇ ಇಲ್ಲ. ಆದರೆ ನಮ್ಮ ಬೀರುವಿನಲ್ಲಿ ನಮ್ಮ ಮದುವೆ ವಿಡಿಯೋ ಡಿಸ್ಕ್, ಮಗಳ ನಾಮಕರಣದ್ದು, ಅಪ್ಪನ ಎಂಆರ್‌ಐ ಸಿಡಿ ಎಲ್ಲ ಸೇರಿ ಮೂವತ್ತೊಂದು ಡಿಸ್ಕ್ ಇವೆ. ಡ್ರೈವ್ ಇರುವ ಹಳೇ ಮಾಡೆಲ್ ಹುಡುಕಿ ತಗೊಳ್ಳಲಾ?

ಉತ್ತರ (ಕಂಪ್ಯೂಟರ್ ಸರ್ವಿಸ್, ಶಿವಮೊಗ್ಗ): ಬೇಡ ಅಕ್ಕ. ಡ್ರೈವ್ ಒಂದರ ಸಲುವಾಗಿ ಹಳೇ ಮಾಡೆಲ್‌ಗೆ ದುಡ್ಡು ಹಾಕಬೇಡಿ. ಮಗಳ ಓದಿಗೆ ಅದು ಬೇಕಾಗುವುದಿಲ್ಲ. ನಾನು ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ಆಯಿತು. ಆಗ ವಿಂಡೋಸ್ ಹಾಕಲು ಸಿಡಿ, ಪ್ರಿಂಟರ್‌ಗೆ ಸಿಡಿ, ಪುಸ್ತಕದ ಹಿಂದೆ ಅಂಟಿಸಿಕೊಟ್ಟಿದ್ದೂ ಸಿಡಿ. ಈಗ ವಿಂಡೋಸ್ 11ರ ಫೈಲ್ 5 ಜಿಬಿ ದಾಟುತ್ತದೆ. ಮಾಮೂಲಿ ಡಿವಿಡಿಯ 4.7 ಜಿಬಿಯಲ್ಲಿ ಅದು ಹಿಡಿಸುವುದೇ ಇಲ್ಲ. ಎಲ್ಲರೂ ಪೆನ್‌ಡ್ರೈವ್‌ನಿಂದಲೇ ಹಾಕುತ್ತೇವೆ.

ಡ್ರೈವ್ ತೆಗೆದದ್ದು ಕಂಪನಿಗಳ ಜಿಪುಣತನ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪೂರ್ತಿ ಹಾಗಲ್ಲ. ಲ್ಯಾಪ್‌ಟಾಪ್ ಡ್ರೈವ್ 12.7 ಮಿಲಿಮೀಟರ್ ದಪ್ಪ ಇರುತ್ತಿತ್ತು, ತೆಳ್ಳಗಿನದ್ದು ಅಂದರೂ 9.5. ಒಳಗೆ ಅಂಗೈ ಅಗಲದ ಜಾಗ ಬೇರೆ ತಿನ್ನುತ್ತಿತ್ತು. 2008ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೈಬಿಟ್ಟರು. ಹಾಗೆ ಬಿಟ್ಟಿದ್ದರಿಂದಲೇ ಲ್ಯಾಪ್‌ಟಾಪ್ ಇಷ್ಟು ತೆಳ್ಳಗೆ, ಹಗುರವಾಗಿ ಬರಲು ಸಾಧ್ಯವಾಯಿತು.

ನಿಮಗೆ ಬೇಕಾದದ್ದು ಹೊರಗಿನಿಂದ ಚುಚ್ಚುವ ಯುಎಸ್‌ಬಿ ಡಿವಿಡಿ ರೈಟರ್, ಅದು ಡಿಸ್ಕ್ ಓದುತ್ತದೆ, ಬರೆಯುತ್ತದೆ ಕೂಡ. ಸುಮಾರು 1,500ರಿಂದ 3,000 ರೂಪಾಯಿ ಆಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಯಾವ ಥರದ ಯುಎಸ್‌ಬಿ ಇದೆ ಅಂತ ಮೊದಲೇ ನೋಡಿಕೊಳ್ಳಿ. ಕೆಲವದರಲ್ಲಿ ಟೈಪ್-ಸಿ ಒಂದೇ ಇರುತ್ತದೆ. ನೇರವಾಗಿ ಲ್ಯಾಪ್‌ಟಾಪ್‌ಗೇ ಚುಚ್ಚಿ. ಒಂದು ಯುಎಸ್‌ಬಿಯನ್ನು ಹಲವು ಮಾಡುವ ಅಗ್ಗದ ಹಬ್ ನಡುವೆ ಇದ್ದರೆ ಕರೆಂಟ್ ಸಾಲದೆ ಡಿಸ್ಕ್ ತಿರುಗಿ ತಿರುಗಿ ನಿಂತುಬಿಡುತ್ತದೆ.

ಆದರೆ ಅಕ್ಕ, ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆಯಾದದ್ದು ಲ್ಯಾಪ್‌ಟಾಪ್ ಬಗ್ಗೆ ಅಲ್ಲ, ಬೀರುವಿನಲ್ಲಿರುವ ಆ ಮೂವತ್ತೊಂದು ಡಿಸ್ಕ್ ಬಗ್ಗೆ. ಅಂಗಡಿಯಲ್ಲಿ ಕೊಳ್ಳುವ ಸಿನಿಮಾ ಡಿಸ್ಕ್ ಅಚ್ಚೊತ್ತಿದ್ದು. ಅದರ ಗುರುತುಗಳು ಪ್ಲಾಸ್ಟಿಕ್‌ನಲ್ಲೇ ಮೂಡಿರುತ್ತವೆ. ಸ್ಟುಡಿಯೋದವರು ಬರ್ನ್ ಮಾಡಿಕೊಟ್ಟದ್ದು ಬೇರೆ. ಅದರಲ್ಲಿ ಬಣ್ಣದ ಒಂದು ಪದರ ಇರುತ್ತದೆ, ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವ ಯಾವುದೂ ಆ ಬಣ್ಣಕ್ಕೆ ಆಗಿಬರುವುದಿಲ್ಲ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ ಮದುವೆಯ ಎರಡು ವಿಸಿಡಿ, ಅಂದರೆ ವಿಡಿಯೋ ಇರುವ ಸಿಡಿ, ತಂದಿದ್ದರು, 2003ರದ್ದು. ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಬೆಳ್ಳಿ ಬಣ್ಣ ಉಗುರಿನಷ್ಟು ಎದ್ದುಹೋಗಿತ್ತು, ಅಲ್ಲಲ್ಲಿ ಸೂಜಿ ಚುಚ್ಚಿದ ಹಾಗೆ ಬೆಳಕು ತೂರಿ ಬರುತ್ತಿತ್ತು. ಹಾಕಿದರೆ ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಓಡಿತು. ಧಾರೆ ಎರೆಯುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆಯಿತು. ಡ್ರೈವ್ ಕರ್ ಕರ್ ಅಂದು ನಿಂತಿತು. ಧಾರೆ ಎರೆದ ಅವರ ತಂದೆ ಈಗಿಲ್ಲ. ಅವರನ್ನು ನೋಡಬೇಕು ಅಂತಲೇ ಆ ಅಮ್ಮ ಬಂದಿದ್ದರು. ನಾಲ್ಕು ಡ್ರೈವ್ ಬದಲಾಯಿಸಿ ನೋಡಿದೆ, ಸಿಗಲಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, ರೈಟರ್ ಬಂದ ವಾರದಲ್ಲೇ ಕಾಪಿ ಮಾಡಲು ಕೂತುಬಿಡಿ. ಮೊದಲು ಮದುವೆ, ಆಮೇಲೆ ಉಳಿದದ್ದು.

ಪ್ರಶ್ನೆ (ಅದೇ ಸದಸ್ಯೆ): ಓದಿ ಕಣ್ಣು ತುಂಬಿ ಬಂತು ಸರ್. ಕಾಪಿ ಅಂದರೆ ಸುಮ್ನೆ ಫೈಲ್ ಎಳೆದು ಹಾಕಿದರೆ ಸಾಕಾ? ಎಂಆರ್‌ಐ ಸಿಡಿಯಲ್ಲಿ ಫೋಟೋಗಳೇ ಕಾಣುವುದಿಲ್ಲ, ಏನೇನೋ ಫೋಲ್ಡರ್ ಇವೆ.

ಉತ್ತರ: ಡಿವಿಡಿಯಲ್ಲಿ ವಿಡಿಯೋ_ಟಿಎಸ್ (VIDEO_TS) ಅನ್ನುವ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಕಾಪಿ ಮಾಡಿ, ಒಳಗಿನ ಫೈಲ್ ಒಂದೊಂದೇ ಆರಿಸಬೇಡಿ. ವಿಸಿಡಿಯಾದರೆ ಎಂಪಿಇಜಿಎವಿ (MPEGAV) ಫೋಲ್ಡರ್‌ನೊಳಗೆ ಡ್ಯಾಟ್ (.DAT) ಫೈಲ್ ಇರುತ್ತದೆ, ಅದನ್ನು ಕಾಪಿ ಮಾಡಿ. ಎರಡನ್ನೂ ವಿಎಲ್‌ಸಿ ಪ್ಲೇಯರ್ ಓಡಿಸುತ್ತದೆ, ಅದು ಉಚಿತ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ವಿಂಡೋಸ್ ಜೊತೆ ಬರುವುದಿಲ್ಲ. ಹಾಗಾಗಿ ಹಾಕಿದ ತಕ್ಷಣ ಓಡಲಿಲ್ಲ ಅಂತ ಡಿಸ್ಕ್ ಹಾಳಾಗಿದೆ ಅಂದುಕೊಳ್ಳಬೇಡಿ.

ಎಂಆರ್‌ಐ ಸಿಡಿಯದ್ದು ಡೈಕಾಮ್ ಅನ್ನುವ ಬೇರೆ ನಮೂನೆ, ಆಸ್ಪತ್ರೆಯ ಸ್ಕ್ಯಾನ್‌ಗಳಿಗೆ ಬಳಸುವಂಥದ್ದು. ಸಿಡಿಯಲ್ಲಿ ಇರುವುದನ್ನೆಲ್ಲ ಒಂದೂ ಬಿಡದೆ ಒಂದೇ ಫೋಲ್ಡರ್‌ಗೆ ಹಾಕಿ, ಅಪ್ಪನ ಹೆಸರು ಮತ್ತು ತಾರೀಖು ಬರೆಯಿರಿ. ಪರದೆಯ ಫೋಟೋ ತೆಗೆದಿಟ್ಟುಕೊಂಡರೆ ಸಾಲದು. ಡಾಕ್ಟರ್ ಪದರ ಪದರವಾಗಿ ಸರಿಸಿ ನೋಡಬೇಕು, ಅದಕ್ಕೆ ಮೂಲ ಫೈಲೇ ಬೇಕು.

ಎಲ್ಲವನ್ನೂ ಎರಡು ಕಡೆ ಇಡಿ. ಒಂದು ಹಾರ್ಡ್‌ಡಿಸ್ಕ್ ನಿಮ್ಮ ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲೋ ಅಮ್ಮನ ಮನೆಯಲ್ಲೋ.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಅಣ್ಣ, ನನ್ನದು ಹತ್ತು ವರ್ಷದ ಲ್ಯಾಪ್‌ಟಾಪ್. ಡ್ರೈವ್ ಇದೆ, ಮುಟ್ಟೇ ಇಲ್ಲ. ತುಂಬಾ ನಿಧಾನ. ಡ್ರೈವ್ ತೆಗೆದು ಎಸ್‌ಎಸ್‌ಡಿ ಹಾಕಬಹುದು ಅಂತಾರಲ್ವಾ?

ಉತ್ತರ: ಹಾಕಬಹುದು. ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗ ಇಲ್ಲದ, ಹಾರ್ಡ್‌ಡಿಸ್ಕ್‌ಗಿಂತ ವೇಗದ ಸಂಗ್ರಹ. ಡಿವಿಡಿ ಡ್ರೈವ್ ಇದ್ದ ಜಾಗಕ್ಕೆ ಕೂರುವ ಕ್ಯಾಡಿ ಅನ್ನುವ ಚೌಕಟ್ಟು ಸಿಗುತ್ತದೆ, 9.5 ಮತ್ತು 12.7 ಮಿಲಿಮೀಟರ್ ಎರಡು ಅಳತೆ. ನಿಮ್ಮ ಡ್ರೈವ್ ಅಳೆದೇ ತಗೊಳ್ಳಿ, ತಪ್ಪಿದರೆ ಕೂರುವುದಿಲ್ಲ. ನನ್ನ ಸಲಹೆ ಏನೆಂದರೆ, ಎಸ್‌ಎಸ್‌ಡಿಯನ್ನು ಹಾರ್ಡ್‌ಡಿಸ್ಕ್ ಇರುವ ಜಾಗಕ್ಕೇ ಹಾಕಿ, ಹಳೇ ಹಾರ್ಡ್‌ಡಿಸ್ಕನ್ನು ಕ್ಯಾಡಿಗೆ ಕೂರಿಸಿ. ಡಿವಿಡಿ ಡ್ರೈವ್ ತೆಗೆಯುವ ಮುಂಚೆ ಮನೆಯ ಡಿಸ್ಕ್‌ಗಳನ್ನೆಲ್ಲ ಅದರಲ್ಲೇ ಹಾಕಿ ಕಾಪಿ ಮಾಡಿಕೊಳ್ಳಿ.

ಪ್ರಶ್ನೆ (ಸ್ಟುಡಿಯೋ ಇಟ್ಟಿರುವ ಸದಸ್ಯರು): ಗಿರಾಕಿಗಳಿಗೆ ಇನ್ನೂ ಡಿವಿಡಿಯಲ್ಲಿ ಕೊಡಬಹುದಾ ಸರ್?

ಉತ್ತರ: ಒಂದು ಡಿವಿಡಿ ಕೊಡಿ ಬೇಕಾದರೆ, ಜೊತೆಗೆ ಪೆನ್‌ಡ್ರೈವ್ ಕೊಡಲೇಬೇಕು. ಎಷ್ಟೋ ಮನೆಯಲ್ಲಿ ಡಿವಿಡಿ ಹಾಕುವ ಯಂತ್ರವೇ ಇಲ್ಲ. ಡಿವಿಡಿಯ ನಂತರ ಬಂದ ಬ್ಲೂ-ರೇ ಇದೆಯಲ್ಲ, ಅದರ ಬರೆಯುವ ಡಿಸ್ಕ್ ಮಾಡುವುದನ್ನೂ ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಇನ್ನೊಂದು ಮಾತು, ಡಿಸ್ಕ್ ಮೇಲೆ ಬಾಲ್‌ಪೆನ್‌ನಲ್ಲಿ ಬರೆಯಬೇಡಿ. ಸಿಡಿಯಲ್ಲಿ ಮಾಹಿತಿ ಇರುವುದು ಹೆಸರು ಬರೆಯುವ ಮುಖದ ಕೆಳಗೇ, ತೆಳುವಾದ ಲೇಪದ ಅಡಿಯಲ್ಲಿ. ಹೊಳೆಯುವ ಕಡೆಯ ಗೀರಿಗಿಂತ ಈ ಕಡೆಯ ಗೀರು ಜಾಸ್ತಿ ಅಪಾಯ.

ಹಾಸನದ ಸದಸ್ಯೆ (ಎರಡು ವಾರದ ನಂತರ): ಸರ್, ರೈಟರ್ ತಂದೆವು. ಇಪ್ಪತ್ತೆಂಟು ಡಿಸ್ಕ್ ಕಾಪಿ ಆಯಿತು, ಮದುವೆಯದ್ದು ಪೂರ್ತಿ ಸಿಕ್ಕಿತು! ಮೂರು ಓದುತ್ತಿಲ್ಲ. ನಾಮಕರಣದ್ದೂ ಅದರಲ್ಲೇ ಇದೆ.

ಉತ್ತರ: ಮದುವೆಯದ್ದು ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು ಅಕ್ಕ. ಆ ಮೂರನ್ನು ಬಿಸಾಡಬೇಡಿ. ಮೆತ್ತನೆ ಹತ್ತಿ ಬಟ್ಟೆ ಸ್ವಲ್ಪ ಒದ್ದೆ ಮಾಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ಸುತ್ತ ತಿರುಗಿಸಿ ಒರೆಸಬಾರದು. ಒಣಗಿದ ಮೇಲೆ ಪರಿಚಯದವರ ಹಳೇ ಡೆಸ್ಕ್‌ಟಾಪ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ನಾನು ಎಷ್ಟೋ ಸಲ ನೋಡಿದ್ದೇನೆ. ಆಗಲೂ ಬರಲಿಲ್ಲ ಅಂದರೆ ಗಟ್ಟಿ ಡಬ್ಬಿಯಲ್ಲಿಟ್ಟು ನನಗೆ ಕಳಿಸಿ, ನಾಮಕರಣದ್ದನ್ನೇ ಮೊದಲು ಹಿಡಿದು ಕೂರುತ್ತೇನೆ.