ಅಪ್‌ಡೇಟ್: ಎರಡು ಬ್ಯೂರೋ, ಎರಡು ಸ್ಕೋರ್, ಕಾರಣ ಸಿಕ್ತು

ಹೋಮ್ ಲೋನ್‌ಗೆ ಅಪ್ಲೈ ಮಾಡೋ ಮುಂಚೆ ನೋಡಿದ್ರೆ ಒಂದು ಕ್ರೆಡಿಟ್ ಬ್ಯೂರೋದಲ್ಲಿ (ನಮ್ಮ ಸಾಲದ ದಾಖಲೆ ಇಟ್ಟು ಅಂಕ ಕೊಡೋ ಕಂಪನಿ) ನನ್ನ ಕ್ರೆಡಿಟ್ ಸ್ಕೋರ್ 700ರ ಕೆಳಗೆ, ಇನ್ನೊಂದ್ರಲ್ಲಿ 760ರ ಮೇಲೆ, ಯಾವ್ದನ್ನ ನಂಬೋದು ಅಂತ ಕೇಳಿದ್ದೆ ಅಲ್ವಾ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕು ಬ್ಯೂರೋಗಳಿಂದ್ಲೂ ಫುಲ್ ರಿಪೋರ್ಟ್ ತೆಗೆದೆ, ಆರ್‌ಬಿಐ ರೂಲ್ ಪ್ರಕಾರ ವರ್ಷಕ್ಕೊಂದ್ಸಲ ಪ್ರತಿ ಬ್ಯೂರೋನೂ ಫ್ರೀಯಾಗಿ ಕೊಡ್ಲೇಬೇಕು, ದಯವಿಟ್ಟು ಯಾರೂ ಇದಕ್ಕೆ ದುಡ್ಡು ಕೊಡ್ಬೇಡಿ.

ನಾಲ್ಕೂ 300ರಿಂದ 900ರ ಸ್ಕೇಲೇ, ಆದ್ರೆ ಲೆಕ್ಕ ಹಾಕೋ ಫಾರ್ಮುಲಾ ಒಬ್ಬೊಬ್ರದ್ದು ಒಂದೊಂದು ಥರ, ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ನನಗೆ ಇಷ್ಟು ದೊಡ್ಡ ಗ್ಯಾಪ್ ಬಂದಿದ್ದು ಬೇರೆ ಕಾರಣಕ್ಕೆ, ಪೂರ್ತಿ ತೀರಿಸಿ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ತಗೊಂಡಿದ್ದ ಬೈಕ್ ಲೋನನ್ನ ಆ ಫೈನಾನ್ಸ್ ಕಂಪನಿಯವ್ರು ಒಂದು ಬ್ಯೂರೋಗೆ ಮಾತ್ರ ಇನ್ನೂ ಬಾಕಿ ಅಂತ ಕಳ್ಸಿದ್ರು!! ಎನ್‌ಒಸಿ ಅಪ್‌ಲೋಡ್ ಮಾಡಿ ಆ ಬ್ಯೂರೋಗೆ ಡಿಸ್ಪ್ಯೂಟ್ (ತಪ್ಪು ಸರಿಮಾಡಿ ಅನ್ನೋ ದೂರು) ಹಾಕ್ದೆ, ಸರಿಹೋಯ್ತು. 30 ದಿನದೊಳಗೆ ಬಗೆಹರಿಸ್ಲಿಲ್ಲ ಅಂದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳೋ ಹಕ್ಕಿದೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಬೇಜಾರಾಗುತ್ತೆ. ಅಂದಹಾಗೆ ನಮ್ಮ ಸ್ಕೋರ್ ನಾವೇ ಚೆಕ್ ಮಾಡಿದ್ರೆ ಕಮ್ಮಿ ಆಗಲ್ಲ, ಧೈರ್ಯವಾಗಿ ನೋಡ್ಕೊಳ್ಳಿ. ಬ್ಯಾಂಕಿಗೆ ಅಪ್ಲಿಕೇಶನ್ ಕೊಟ್ಟಾಯ್ತು.