ಬ್ಲೂಬೆರಿ ಫಾರ್ವರ್ಡ್: ಚಿಕ್ಕಮಗಳೂರು ಡಿಗ್ರಿ ಗೆಳೆಯರ ಗುಂಪಿನಲ್ಲಿ

ಲೋಕೇಶ: (ಫಾರ್ವರ್ಡ್) ದಿನಾ ಒಂದು ಕಪ್ ಬ್ಲೂಬೆರಿ ತಿನ್ನಿ, 6 ತಿಂಗಳಲ್ಲಿ ಬೊಜ್ಜು ಕರಗುತ್ತೆ, ಶುಗರ್ ಮಾಯ! ವಿಜ್ಞಾನಿಗಳೇ ಹೇಳಿದ್ದು 🙏

ಶೋಭಾ: ಹಾಗೆ ಯಾರೂ ಹೇಳಿಲ್ಲ ಮಾರಾಯ. ಆ ಅಧ್ಯಯನ 2019ರದ್ದು, ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ತಂಡದ್ದು. ತೂಕ ಜಾಸ್ತಿಯಿದ್ದು ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆ ಬೊಜ್ಜು, ಬಿಪಿ, ಶುಗರ್, ಕೊಬ್ಬಿನ ಏರುಪೇರು ಒಟ್ಟಿಗೆ ಸೇರಿದ ಸ್ಥಿತಿ) ಇದ್ದ 115 ಜನ, ವಯಸ್ಸು 50ರಿಂದ 75. ಇನ್ಸುಲಿನ್ ಪ್ರತಿರೋಧ, ಅಂದ್ರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದೇ ಇರೋದು, ಇಳಿಯುತ್ತಾ ಅನ್ನೋದೇ ಮುಖ್ಯ ಪ್ರಶ್ನೆ. ಇಳೀಲಿಲ್ಲ!

ಲೋಕೇಶ: ಹೃದಯಕ್ಕಾದ್ರೂ ಒಳ್ಳೇದಾಯ್ತಲ್ಲ?

ಶೋಭಾ: ರಕ್ತನಾಳಕ್ಕೆ ಅನ್ನು. ತೋಳಿಗೆ ಬಿಪಿ ಪಟ್ಟಿ ಬಿಗಿದು 5 ನಿಮಿಷ ರಕ್ತ ತಡೀತಾರೆ, ಬಿಟ್ಟ ಮೇಲೆ ನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡ್‌ನಲ್ಲಿ ಅಳೀತಾರೆ. ಒಂದು ಕಪ್ ಅಂದ್ರೆ 150 ಗ್ರಾಂ ಹಣ್ಣಿಗೆ ಸಮವಾದ 26 ಗ್ರಾಂ ಒಣಪುಡಿ ತಿಂದವರಲ್ಲಿ ಅದು ಸುಧಾರಿಸ್ತು. ಅರ್ಧ ಕಪ್‌ನವರಲ್ಲಿ ಇಲ್ಲ. ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಏರಿದ್ದೂ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ತಗೊಳ್ಳದವರಲ್ಲಿ ಮಾತ್ರ.

ಸುಮಾ: 2010ರ ಅಮೆರಿಕದ ಬ್ಲೂಬೆರಿ ಅಧ್ಯಯನಾನೂ ಹೇಳೇ, ಬರೀ ಇಲ್ಲ ಇಲ್ಲ ಅಂದ್ರೆ ಹೇಗೆ? 32 ಜನ, 6 ವಾರ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತ್ತು.

ಶೋಭಾ: ಸರಿ, ಒಪ್ಕೋತೀನಿ. ಆದ್ರೆ ಅಲ್ಲಿ ದಿನಕ್ಕೆ 45 ಗ್ರಾಂ ಪುಡಿ, ಎರಡು ಸ್ಮೂದಿಯಲ್ಲಿ. ಅಳತೆಯೂ ಬೇರೆ: ಗ್ಲೂಕೋಸ್, ಇನ್ಸುಲಿನ್ ಎರಡನ್ನೂ ಡ್ರಿಪ್‌ನಲ್ಲಿ ಬಿಡ್ತಾ ನೋಡೋ ‘ಕ್ಲ್ಯಾಂಪ್’ ಅನ್ನೋ ಪರೀಕ್ಷೆ. ಸೂಕ್ಷ್ಮ ಬದಲಾವಣೆಯೂ ಸಿಗುತ್ತೆ. 2019ರಲ್ಲಿ ಬರಿಹೊಟ್ಟೆ ರಕ್ತದಿಂದ ಲೆಕ್ಕ ಹಾಕಿದ್ದು.

ರವಿ: ದುಡ್ಡು ಕೊಟ್ಟವರು ಯಾರು ಅಂತ ಯಾರೂ ಕೇಳ್ತಿಲ್ಲ. 2019ರದ್ದಕ್ಕೆ ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿ 😏

ಶೋಭಾ: ಹೌದು, ಬ್ರಿಟನ್ನಿನ ಸರ್ಕಾರಿ ಸಂಶೋಧನಾ ನಿಧಿಯೂ ಇತ್ತು. ಆದ್ರೂ ಮುಖ್ಯ ಫಲಿತಾಂಶ ಸೊನ್ನೆ ಅಂತಾನೇ ಬರೆದ್ರಲ್ಲ. ಹೋಲಿಕೆಗೆ ಕೆಲವರಿಗೆ ಕೊಟ್ಟ, ಬ್ಲೂಬೆರಿ ಇಲ್ಲದ ಹುಸಿ ಪುಡಿಯೂ ಅದೇ ನೇರಳೆ ಬಣ್ಣ, ಯಾರಿಗೆ ಯಾವುದು ಅಂತ ಗೊತ್ತಾಗದ ಹಾಗೆ.

ಲೋಕೇಶ: ನಮ್ ನೇರಳೆಹಣ್ಣು ಸಾಕಲ್ವಾ ಹಾಗಾದ್ರೆ? ಬೆರಿ ಯಾಕೆ ದುಬಾರಿಗೆ ತರೋದು?

ಶೋಭಾ: ಬಣ್ಣ ಕೊಡೋದು ಅದೇ ಆಂಥೋಸಯನಿನ್ ಗುಂಪು. ಆದ್ರೆ ಬ್ಲೂಬೆರಿಯ ಲೆಕ್ಕ ತಂದು ನೇರಳೆಗೆ ಅಂಟಿಸೋಕಾಗಲ್ಲ. ತಿನ್ನೋದಾದ್ರೆ ಸಿಪ್ಪೆ ಸಮೇತ ತಿನ್ನು. ಜಾಮ್ ಮಾಡಿದ್ರೆ ಬಿಸಿಗೆ ಅದು ಕಡಿಮೆಯಾಗುತ್ತೆ, ಹಣ್ಣಿನಷ್ಟೇ ಸಕ್ಕರೆ ಬೀಳುತ್ತೆ. ಜ್ಯೂಸ್ ಸೋಸಿದ್ರೆ ಸಿಪ್ಪೆ, ನಾರು ಎರಡೂ ಜರಡಿಯಲ್ಲೇ ಉಳಿಯುತ್ತೆ.

ಸುಮಾ: ಇನ್ನೊಂದು. 2019ರದ್ದರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25ರಿಂದ ಮೇಲಿನವರನ್ನ ತಗೊಂಡಿದ್ದು. ನಮ್ಮಲ್ಲಿ 23ಕ್ಕೇ ತೂಕ ಜಾಸ್ತಿ ಅಂತ ಲೆಕ್ಕ, 25ಕ್ಕೆ ಬೊಜ್ಜು.

ರವಿ: ನಾಳೆ ಕಾಫಿ ಹಣ್ಣೂ ಬೆರಿನೇ ಅಂತ ಒಂದು ಫಾರ್ವರ್ಡ್ ಬರುತ್ತೆ ನೋಡಿ.

ಲೋಕೇಶ: ಆಯ್ತಪ್ಪ. ಅಮ್ಮನ ಶುಗರ್ ಮಾತ್ರೆ ನಿಲ್ಲಿಸಬಾರದು ತಾನೆ?

ಶೋಭಾ: ಖಂಡಿತ ಬೇಡ! ಮೊದಲು ಆ ಫಾರ್ವರ್ಡ್ ಡಿಲೀಟ್ ಮಾಡು.